ಸುಳಿ ನೋಡಿ ಆರಿಸಿದ ಸರ್ವರು

ಕೆ.ಆರ್.ಪೇಟೆಯ ಬಿತ್ತನೆ ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಚಲುವರಾಜು, ಸಾಫ್ಟ್‌ವೇರನ್ನೂ ಹಸು ಕೊಳ್ಳುವವನಂತೆ ಸುತ್ತು ಹಾಕಿ, ಸುಳಿ ನೋಡಿಯೇ ಆರಿಸುವವನು. ಮುಖ್ಯ ಮೇಲ್ ಸರ್ವರು ಕೆಟ್ಟಾಗ ಬಂದ ಮೇಲ್‌ಗಳನ್ನು ಹಿಡಿದಿಟ್ಟುಕೊಳ್ಳಲು ಇನ್ನೊಂದು ಸರ್ವರು ಬೇಕೆಂದಾಗಲೂ ಹಾಗೇ ಮಾಡಿದ. ಬಣ್ಣದ ಪರದೆಯದೊಂದನ್ನು ಜೊತೆ ಕೆಲಸದ ಪವಿತ್ರ ಮೆಚ್ಚಿಕೊಂಡರೆ, "ಅದು ಸೀಮೆಹಸ ಕಣವ್ವ, ದಿನಾ ಡಾಕ್ಟ್ರು ಬೇಕು" ಎಂದು ತಳ್ಳಿಹಾಕಿದ. ಇನ್ನೊಂದರ ಕೈಪಿಡಿಯ ದಪ್ಪ ನೋಡಿಯೇ, "ಇದು ಒದೀತದೆ" ಎಂದ. ಕೊನೆಗೆ ಒಪ್ಪಿದ್ದು ಸಪ್ಪೆ ಮುಖದ ಹಳೆಯದೊಂದನ್ನು. ಮೇಲ್ ಹಿಡಿದಿಟ್ಟು, ಮುಖ್ಯ ಸರ್ವರು ಎದ್ದ ಮೇಲೆ ಒಪ್ಪಿಸುವುದು ಬಿಟ್ಟು ಅದಕ್ಕೆ ಬೇರೇನೂ ಬಾರದು. ಅಪ್‌ಡೇಟನ್ನೂ ತಾನೇ ಮಾಡಿಕೊಳ್ಳುತ್ತದೆ. ಆದರೂ ಚಲುವರಾಜುವಿಗೆ ಸಮಾಧಾನವಿಲ್ಲ. ಮುಂದಿನ ವಾರ ಅವನು ಮೈಸೂರಿನ ಆಸ್ಪತ್ರೆಯಲ್ಲಿ ಹೆಂಡತಿ ಪ್ರಮೀಳಾಗೆ ತನ್ನದೊಂದು ಕಿಡ್ನಿ ಕೊಡಬೇಕು. ಅಲ್ಲಿ ಮಲಗಿರುವಾಗ ಆಫೀಸಿನಿಂದ ಫೋನು ಬರಬಾರದು. ಹಾಗಾಗಿ ಮುಖ್ಯ ಸರ್ವರನ್ನು ಬೇಕೆಂದೇ ಆಫ್ ಮಾಡಿ ಮತ್ತೆ ಮತ್ತೆ ಪರೀಕ್ಷಿಸಿದ. ಒಂದು ಮೇಲ್ ಕೂಡ ಕಳೆದುಹೋಗಲಿಲ್ಲ. "ಸಾಕು ಬುಡಣ್ಣ, ಸ್ಪೇರ್ ತಾನೆ ಅದು?" ಎಂದು ಪವಿತ್ರ ನಕ್ಕಳು. ಚಲುವರಾಜು ನಗಲಿಲ್ಲ. "ಸ್ಪೇರು ಅಂತ ಅಸಡ್ಡೆ ಮಾಡ್ಬ್ಯಾಡ ಕಣವ್ವ. ನಮ್ ಪ್ರಮೀಳ ಬದುಕ್ಬೇಕಾಗಿರೋದು ಸ್ಪೇರಿಂದ್ಲೇಯ."