ಹದಿನಾಲ್ಕನ್ನು ಒಂದರಿಂದ ಭಾಗಿಸಿದ ಕಥೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಹಂಗಾಮಿ ಉಪನ್ಯಾಸಕ. ಏಪ್ರಿಲ್‌ನಲ್ಲಿ ಕೆಲಸ ಹೋಗುವುದು, ಜುಲೈನಲ್ಲಿ ಕೈಮುಗಿದು ಮತ್ತೆ ಪಡೆಯುವುದು. ಕೊನೆಗೊಮ್ಮೆ ಒಂದು ಕಾಯಂ ಹುದ್ದೆ ಬಂತು. ಅದು ಸಿಗದಿದ್ದರೆ ನನಗೆ ವಯಸ್ಸು ಮೀರಿಹೋಗುತ್ತಿತ್ತು.

ಆಯ್ಕೆ ಸಮಿತಿಯಲ್ಲಿ ಯಾರೋ ಹೊಸ ಅಳತೆಯೊಂದನ್ನು ಕಲಿತು ಬಂದಿದ್ದರು. ಅಭ್ಯರ್ಥಿಯ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸಿ, ಅದನ್ನು ಅವನು ಬರೆದ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಬೇಕಂತೆ. ಪ್ರಬಂಧ ಓದುವ ಕಷ್ಟವೇ ಇಲ್ಲ!

ನಾನು ಬರೆದದ್ದು ಒಂದೇ ಒಂದು, ತೆಂಗಿನ ಗರಿಯ ಚುಕ್ಕೆ ರೋಗದ ಮೇಲೆ. ಬೆಂಗಳೂರಿನ ಭಾವನ ಮನೆಯಲ್ಲಿ ಉಳಿದು, ಅವರ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಯಾರನ್ನು ಯಾರು ಉಲ್ಲೇಖಿಸಿದ್ದಾರೆಂಬ ಸಣ್ಣಕ್ಷರದ ಸೂಚಿಯನ್ನು ಭೂತಗನ್ನಡಿ ಹಿಡಿದು ಹುಡುಕಿದೆ. ಹೆಸರಿನ ಮುಂದೆ ಊರು ಬರೆಯುವುದು ನಮ್ಮ ಕಡೆಯ ರೂಢಿ; ನನ್ನ ಊರು ಗುಬ್ಬಿ. ಸೂಚಿ ಮಾಡಿದ ಅಮೆರಿಕದವರು ಅದನ್ನೇ ಮನೆತನದ ಹೆಸರೆಂದು ತಿಳಿದು, ಗುಬ್ಬಿಯವರನ್ನೆಲ್ಲ ‘ಗುಬ್ಬಿ’ ಎಂಬ ಒಬ್ಬನೇ ಮಹಾಪುರುಷನನ್ನಾಗಿ ಮಾಡಿದ್ದರು. ಅವನಿಗೆ ಹದಿನಾಲ್ಕು ಉಲ್ಲೇಖ. ಅದರಲ್ಲಿ ನನ್ನದು ಒಂದು. ಸಮಿತಿ ಕೇಳಿದ್ದು ಒಟ್ಟು ತಾನೇ? ಹದಿನಾಲ್ಕು ಅಂತ ಬರೆದುಕೊಟ್ಟೆ.

ಸಂದರ್ಶನಕ್ಕೆ ಕುಣಿಗಲ್‌ನಲ್ಲಿ ಪಾಠ ಮಾಡುತ್ತಿದ್ದವರೊಬ್ಬರು ಬಂದಿದ್ದರು. ಅವರೂ ಗುಬ್ಬಿಯವರೇ, ಅವರದೂ ಹದಿನಾಲ್ಕೇ! ಆದರೆ ಪಾಪ, ಎರಡು ಪ್ರಬಂಧ ಬರೆದಿದ್ದರು. ಎರಡರಿಂದ ಭಾಗಿಸಿದಾಗ ಅವರಿಗೆ ಏಳು ಬಂತು. ಒಂದರಿಂದ ಭಾಗಿಸಿದ ನನ್ನದು ಹದಿನಾಲ್ಕಾಗಿಯೇ ಉಳಿಯಿತು. ಇಬ್ಬರ ಅಂಕಿಯೂ ಒಂದೇ ಹೇಗಾಯಿತೆಂದು ಭಾಗಾಕಾರದಲ್ಲಿ ಮುಳುಗಿದ್ದ ಸಮಿತಿ ಕೇಳಲಿಲ್ಲ. ಕಡಿಮೆ ಬರೆದ ಪುಣ್ಯಕ್ಕೆ ಕೆಲಸ ನನಗೆ ಸಿಕ್ಕಿತು.

ಹೊರಗೆ ನನಗೆ ಕಾಫಿ ಕುಡಿಸಿದವರು ಆ ಕುಣಿಗಲ್‌ನವರೇ.

“ಸಾರ್, ಆ ಹದಿನಾಲ್ಕ್ರಲ್ಲಿ ನಂದು ಒಂದೇ. ಮಿಕ್ಕಿದ್ದೆಲ್ಲ ನಿಮ್ದೇ ಇರ್ಬೇಕು. ತಪ್ಪು ಮಾಡ್ಬುಟ್ಟೆ,” ಎಂದರು.

“ನಂದೂ ಒಂದೇ ಸಾರ್,” ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮಿಕ್ಕ ಹನ್ನೆರಡರ ಒಡೆಯ, ಮೂರನೆಯ ಗುಬ್ಬಿಯವನು, ಯಾವ ಊರಿನಲ್ಲಿ ದುಡಿಯುತ್ತಿದ್ದನೋ! ನನಗೆ ನಾಚಿಕೆಯಾಯಿತು. “ಒಳಗೋಗಿ ಹೇಳ್ಬುಡ್ಲಾ?” ಎಂದೆ.

ಅವರು ಲೋಟ ಕೆಳಗಿಟ್ಟು ಲೆಕ್ಕ ಹಾಕಿದರು. “ಹೇಳಿದ್ರೂ ಅಷ್ಟೇ. ನಿಮ್ದು ಒಂದು ಪ್ರಬಂಧಕ್ಕೆ ಒಂದು. ನಂದು ಎರಡಕ್ಕೆ ಒಂದು, ಅಂದ್ರೆ ಅರ್ಧ. ಆಗ್ಲೂ ನೀವೇ ಗೆಲ್ತೀರಿ. ಬುಡಿ ಸಾರ್, ನ್ಯಾಯವಾಗೇ ಆಗೈತೆ.”

ನನ್ನ ಆ ಒಂದು ಉಲ್ಲೇಖವನ್ನು ಮಾಡಿದವರು ಬೆಂಗಳೂರಿನ ಭಾವ. ಅಕ್ಕನ ಕಾಟ ತಾಳಲಾರದೆ ತಮ್ಮ ಪ್ರಬಂಧದ ಕೊನೆಯಲ್ಲಿ ಸೇರಿಸಿದ್ದರು. ಅದನ್ನು ಕಳೆದರೆ ನನ್ನದು ಸೊನ್ನೆ, ಕುಣಿಗಲ್‌ನವರ ಅರ್ಧವೇ ದೊಡ್ಡದು. ನಾನು ಇನ್ನೊಂದು ಕಾಫಿ ತರಿಸಿ, ಅವರನ್ನು ಕುಣಿಗಲ್ ಬಸ್ಸು ಹತ್ತಿಸಿ ಬಂದೆ.