ಭಾವನ ಕಾರಿಗೆ ನಾನು ಕಟ್ಟಿದ ಬೆಲೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಆದರೆ ಭಾವನ ಕಾರಿನ ವಿಷಯದಲ್ಲಿ ನಾನು ಮಾಡಿದ ಮೊದಲ ತಪ್ಪು ಕೋಪದಲ್ಲಿ ಆದದ್ದಲ್ಲ, ಸಂತೋಷದಲ್ಲಿ ಆದದ್ದು. ಕೋಪದಲ್ಲಿ ಮಾಡಿದ್ದು ಎರಡನೆಯದು.

ಅರವತ್ತರ ದಶಕದ ಮಾತು. ಪಾಂಡವಪುರದಲ್ಲಿ ನನ್ನದೊಂದು ಮೋಟಾರು ರಿಪೇರಿ ಶೆಡ್ಡು ಇತ್ತು. ಅಪ್ಪ ಕುಲುಮೆಯಲ್ಲಿ ನೇಗಿಲ ಗುಳ ಬಡಿದು ನಮ್ಮನ್ನು ಸಾಕಿದವರು. ನಾನು ಅದೇ ಸುತ್ತಿಗೆ ಹಿಡಿದು ಲಾರಿ, ಬಸ್ಸುಗಳ ಕಡೆ ತಿರುಗಿದೆ. ಹಳೇ ಗಾಡಿ ಕೊಳ್ಳುವವರು, ಮಾರುವವರು ಮೊದಲು ನನ್ನನ್ನು ಕರೆದೊಯ್ದು ತೋರಿಸುತ್ತಿದ್ದರು. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ ನಾನು ಹೇಳಿದ ಬೆಲೆಗೆ ಎರಡನೇ ಮಾತಿರಲಿಲ್ಲ. ಆ ಹೆಸರಿನ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಅಕ್ಕನನ್ನು ನಾಗಮಂಗಲದ ಕಡೆ, ದೇವಲಾಪುರದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೆವು. ಭಾವ ಬಡಗಿ. ಗಾಡಿ, ಬಾಗಿಲು, ತೊಟ್ಟಿಲು ಎಲ್ಲ ಮಾಡುತ್ತಿದ್ದರು, ಮಾತು ಮಾತ್ರ ಆಡುತ್ತಿರಲಿಲ್ಲ. ಒಂದು ಸಲ ಕೆ.ಆರ್. ಪೇಟೆಯ ಸಾಹುಕಾರರೊಬ್ಬರ ಹೊಸ ಮನೆಗೆ ಬಾಗಿಲು ಕಿಟಕಿ ಮಾಡಿಕೊಟ್ಟರು. ಕೂಲಿಗೆ ಬದಲಾಗಿ ಅವರ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಕಾರನ್ನು ಕೇಳಿ ಪಡೆದು, ಎತ್ತು ಕಟ್ಟಿ ಎಳೆಸಿಕೊಂಡು ಬಂದರು. ಎರಡನೇ ಮಹಾಯುದ್ಧಕ್ಕೆ ಮುಂಚಿನ ವಿಲಾಯಿತಿ ಕಾರು. ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಟ್ಟು ಮರಿ ಮಾಡಿದ್ದವು. ಅಕ್ಕ ತಲೆ ತಲೆ ಚಚ್ಚಿಕೊಂಡಳು.

"ಯಾಕ್ ಬಾವ ಇದು?" ಎಂದು ಕೇಳಿದೆ.

ಭಾವ ಬಾಗಿಲಿನ ತಗಡನ್ನು ಒಂದು ಕಡೆ ಎಬ್ಬಿಸಿ ತೋರಿಸಿದರು. "ಒಳಗ್ ನೋಡ್ಲಾ. ಪೂರ್ತಿ ಮರ."

ನಿಜ. ಆ ಕಾಲದ ಕಾರುಗಳಿಗೆ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತಿತ್ತು. ಇದರದ್ದು ಗೆದ್ದಲು ತಿಂದು ಮುಟ್ಟಿದರೆ ಪುಡಿಯಾಗುತ್ತಿತ್ತು. ಭಾವ ಅದನ್ನು ಹೊಸದಾಗಿ ತೇಗದಲ್ಲಿ ಮಾಡಲು ಹೊರಟರು. ಕಾರನ್ನು ಕಟ್ಟಕಡೆಯ ಬೋಲ್ಟಿನವರೆಗೆ ಬಿಚ್ಚಿದರು. ಒಂದೊಂದು ಸಾಮಾನನ್ನೂ ಬಟ್ಟೆಯಲ್ಲಿ ಕಟ್ಟಿ, ಗಂಟಿಗೊಂದು ಮರದ ಚಕ್ಕೆ ಸಿಕ್ಕಿಸಿ, ಚಕ್ಕೆಯ ಮೇಲೆ ಉಳಿಯಿಂದ ಗೀರು ಹಾಕಿದರು. ಬಡಗಿಗಳು ಗಾಡಿಯ ಚಕ್ರ ಬಿಚ್ಚುವಾಗ ಯಾವ ಕೀಲು ಯಾವ ತೂತಿನದೆಂದು ಹೀಗೇ ಗುರುತು ಮಾಡುವುದು. ಒಬ್ಬೊಬ್ಬ ಬಡಗಿಯ ಗೀರು ಒಂದೊಂದು ತರ. ಭಾವನಿಗೆ ಓದು ಬರಹ ಅಷ್ಟಕ್ಕಷ್ಟೇ. ಆ ಇಡೀ ಕಾರು ಅವರ ಗೀರುಗಳಲ್ಲೇ ಇತ್ತು.

ಐದಾರು ವರ್ಷ ಇದೇ ಕೆಲಸ. ಕೂಲಿ ಕೆಲಸ ಮುಗಿದ ಮೇಲೆ ಇದು. ಎಂಜಿನ್ನನ್ನು ನನ್ನ ಶೆಡ್ಡಿಗೆ ತಂದರು, ನಾನು ಸರಿ ಮಾಡಿಕೊಟ್ಟೆ. ಇನ್ನು ಜೋಡಿಸುವುದೊಂದೇ ಬಾಕಿ ಅನ್ನುವ ಹೊತ್ತಿಗೆ ಅವರ ಅಪ್ಪ ತೀರಿಕೊಂಡರು. ಭಾವನ ತಮ್ಮ ಪಾಲು ಕೇಳಿದ.

ತಮ್ಮ ಉಳಿ ಹಿಡಿದವನಲ್ಲ. ಕಿಕ್ಕೇರಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಕೆಟ್ಟವನೂ ಅಲ್ಲ. ಹೊಲ, ಮನೆ ಜಗಳವಿಲ್ಲದೆ ಹಂಚಿಕೆಯಾಯಿತು. ಉಳಿದದ್ದು ಎರಡೇ: ಹಿತ್ತಿಲಲ್ಲಿ ಪೇರಿಸಿದ್ದ ಮರದ ದಿಮ್ಮಿಗಳು, ಮತ್ತು ಮನೆ ಒಂದಾಗಿದ್ದಾಗ ಬಂದದ್ದರಿಂದ ಪಾಲಿಗೆ ಸೇರಿದ ಕಾರು. ನಮ್ಮಲ್ಲಿ ಹಿರಿಯನು ಪಾಲು ಮಾಡಿದರೆ ಕಿರಿಯನು ಮೊದಲು ಆರಿಸಿಕೊಳ್ಳುವುದು ಪದ್ಧತಿ. ಹಿರಿಯ ಮೋಸ ಮಾಡದಿರಲಿ ಎಂದು ಹಿಂದಿನವರು ಮಾಡಿಟ್ಟದ್ದು. ಭಾವ ದಿಮ್ಮಿಗಳನ್ನೆಲ್ಲ ಒಂದು ಪಾಲು ಮಾಡಿದರು, ಕಾರನ್ನು ಇನ್ನೊಂದು ಪಾಲು ಮಾಡಿದರು. ಒಳ್ಳೇ ಮರ ಬಿಟ್ಟು ಬಿಚ್ಚಿದ ಕಾರನ್ನು ಯಾರು ಮುಟ್ಟುತ್ತಾರೆ? ಕಾರು ತನಗೇ ಉಳಿಯುತ್ತದೆ ಎಂದು ಅವರ ಲೆಕ್ಕ. ಅದಕ್ಕಾಗಿ ಅಷ್ಟು ಮರವನ್ನೂ ಬಿಟ್ಟುಕೊಡಲು ತಯಾರಾಗಿದ್ದರು.

ಊರಿನ ಹಿರಿಯರು, ಎರಡು ಪಾಲೂ ಏನು ಬಾಳುತ್ತವೆ ಎಂದು ತಮ್ಮನಿಗೆ ಗೊತ್ತಾಗಬೇಕು, ತಿಳಿದವರೊಬ್ಬರು ಕಾರು ನೋಡಿ ಹೇಳಲಿ ಅಂದರು. ತಿಳಿದವನು ನಾನು. ತಮ್ಮನೂ ಒಪ್ಪಿದ.

ಅವತ್ತು ಬೆಳಿಗ್ಗೆ ಬಸ್ಸಿಳಿದು ಹೋದೆ. ಅಕ್ಕ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು, "ಏನೂ ಬಾಳಕ್ಕಿಲ್ಲ, ಗುಜರಿ ಅಂದ್ಬುಡು ಕಣ್ಲಾ. ನಿಮ್ ಬಾವ ಬಾಯ್ಬುಟ್ಟು ಕೇಳಕ್ಕಿಲ್ಲ."

"ನನ್ ಬಾಯಲ್ಲಿ ಸುಳ್ಳು ಏಳುಸ್ತೀಯಾ?" ಎಂದು ಅವಳ ಮೇಲೇ ಹರಿಹಾಯ್ದೆ. ಅವಳು ಕೊಟ್ಟ ಕಾಫಿಯನ್ನೂ ಕುಡಿಯಲಿಲ್ಲ. ಆದರೂ, ಹೇಳಬಾರದ ಸುಳ್ಳನ್ನು ಅಕ್ಕನಿಗಾಗಿ ಹೇಳಿಬಿಡೋಣ ಎಂದು ಮನಸ್ಸಿನಲ್ಲಿ ಅರ್ಧ ಒಪ್ಪಿಕೊಂಡೇ ಹಿತ್ತಿಲಿಗೆ ಹೋದೆ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ.

ಗಂಟುಗಳನ್ನು ಬಿಚ್ಚತೊಡಗಿದೆ. ಎಲ್ಲಕ್ಕೂ ಎಣ್ಣೆ ಸವರಿ ಇಟ್ಟಿದ್ದರು. ಒಂದು ಸ್ಕ್ರೂ ಕೂಡ ಕಳೆದಿರಲಿಲ್ಲ. ಮುರಿದಿದ್ದ ಹಿಡಿಕೆಗಳಿಗೆ ಅಚ್ಚು ಮಾಡಿಸಿ ಹಿತ್ತಾಳೆಯಲ್ಲಿ ಎರಕ ಹುಯ್ಯಿಸಿದ್ದರು. ಆಮೇಲೆ ಗೋಣಿ ಸರಿಸಿ ಮರದ ಚೌಕಟ್ಟು ನೋಡಿದೆ. ಬಾಗಿಲಿನ ಕಮಾನು, ಹಿಂಬದಿಯ ಬಾಗು, ಒಂದೊಂದು ಕೂಡಿಕೆಯಲ್ಲೂ ಕೂದಲು ತೂರಿಸಲು ಸಂದಿಲ್ಲ. ಮೊಳೆ ಅನ್ನುವುದೇ ಇಲ್ಲ. ಕಬ್ಬಿಣದವನು ನಾನು, ಮರಕ್ಕೆ ಅಷ್ಟಾಗಿ ಮರುಳಾಗುವವನಲ್ಲ. ಅವತ್ತು ಮರುಳಾದೆ. ಭಾವ ಕಂಬಕ್ಕೊರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಆರು ವರ್ಷದಲ್ಲಿ ಅವರ ಕೆಲಸವನ್ನು ಒಬ್ಬರೂ ಕಣ್ಣೆತ್ತಿ ನೋಡಿರಲಿಲ್ಲ. ಹುಚ್ಚು ಅಂದವರೇ ಎಲ್ಲ.

ಹಿರಿಯರೊಬ್ಬರು, "ಎಂಗೈತಪ್ಪಾ?" ಅಂದರು.

"ಆ ದಿಮ್ಮಿಗಳ ಮೂರರಷ್ಟು ಬಾಳ್ತದೆ" ಅಂದೆ. "ಮೈಸೂರಿಗೆ ತಗೊಂಡೋದ್ರೆ ಇನ್ನೂ ಜಾಸ್ತಿನೇ ಕೊಡ್ತಾರೆ. ಇಂಥ ಕೆಲ್ಸ ನಾನು ಕಂಡೇ ಇಲ್ಲ."

ಭಾವ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ತಮ್ಮ ಎದ್ದು ನಿಂತು, "ಅಂಗಾದ್ರೆ ನಂಗೆ ಕಾರಿನ ಪಾಲಿರ್ಲಿ" ಅಂದ. ಪಾಲು ಮಾಡಿದವರು ಭಾವನೇ. ಮಾಡಿದ ಮೇಲೆ ತಿದ್ದುವ ಹಾಗಿಲ್ಲ. ಭಾವ ತಲೆಯಾಡಿಸಿ ಒಳಗೆ ಹೋದರು. ಅಕ್ಕ ನನಗೆ ಊಟಕ್ಕೆ ಬಡಿಸಿಟ್ಟು ಹಿತ್ತಿಲಿಗೆ ಹೋದಳು. ಆಗ ನನಗಾದ ಸಂಕಟ ಹೇಳಿ ಪ್ರಯೋಜನವಿಲ್ಲ.

ಭಾವನ ತಮ್ಮ ಎರಡು ಗಾಡಿ ಕಟ್ಟಿಸಿ ಎಲ್ಲವನ್ನೂ ಕಿಕ್ಕೇರಿಗೆ ಸಾಗಿಸಿದ. ಮೈಸೂರಿನಿಂದ ಕೊಳ್ಳುವವರು ಬಂದರು. ನೂರಾರು ಗಂಟು, ಪ್ರತಿ ಗಂಟಿಗೂ ಅರ್ಥವಾಗದ ಗೀರು. ಯಾವುದು ಎಲ್ಲಿಗೆ ಎಂದು ಕೇಳಿದರೆ ಅವನೇನು ಹೇಳಿಯಾನು? ನೋಡಿದರು, ಹೋದರು. ಆಗ ನನಗೆ ಬುದ್ಧಿ ಬಂತು. ನಾನು ಬೆಲೆ ಕಟ್ಟಿದ್ದು ಭಾವನ ಕೈಯಲ್ಲಿದ್ದ ಕಾರಿಗೆ. ಅವರ ಕೈ ತಪ್ಪಿದರೆ ಅದು ಅಕ್ಕ ಹೇಳಿದಂತೆ ಗುಜರಿಯೇ. ಅವಳು ನನ್ನಿಂದ ಸುಳ್ಳು ಹೇಳಿಸಲು ಬಂದಿರಲೇ ಇಲ್ಲ. ಇಷ್ಟು ಗಾಡಿ ನೋಡಿದ ನನಗೆ ಅದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು.

ಆ ಸಿಟ್ಟಿನಲ್ಲಿ ಬೇಯುತ್ತಿರುವಾಗಲೇ ಒಂದು ಮಧ್ಯಾಹ್ನ ತಮ್ಮ ನನ್ನ ಶೆಡ್ಡಿಗೆ ಬಂದ. ಬೆವರಿದ್ದ. ಕೂರು ಅಂದರೂ ಕೂರಲಿಲ್ಲ.

"ಅಣ್ಣ ಬಂದು ಜೋಡುಸ್ಕೊಡ್ತಾನಾ, ನೀವೊಂದ್ ಮಾತು ಕೇಳಿ ನೋಡಿ" ಅಂದ. "ನಂಗೆ ಕೇಳಕ್ಕೆ ಮುಖ ಇಲ್ಲ. ಬಂದಿದ್ರಲ್ಲಿ ಅರ್ಧ ಅವನಿಗೇ."

"ಮುಖ ಇಲ್ಲ ಅಂತ ಈಗ ಗೊತ್ತಾಯ್ತಾ?" ಎಂದು ಶುರು ಮಾಡಿದವನು ನಿಲ್ಲಿಸಲಿಲ್ಲ. ಕೆಲಸದ ಹುಡುಗರೆಲ್ಲ ತಿರುಗಿ ನೋಡಿದರು. "ಅವ್ರು ಸತ್ರೂ ಆ ಕಾರ್ ಮುಟ್ಟಕ್ಕಿಲ್ಲ. ನಡಿ ಇಲ್ಲಿಂದ."

ಭಾವನನ್ನು ಕೇಳದೆಯೇ ಭಾವನ ಪರವಾಗಿ ಹೇಳಿದ್ದು ಅದು. ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ. ಭಾವನ ಮಾನ ಉಳಿಸಿದೆ ಎಂದುಕೊಂಡು ನಾನು ಅವತ್ತು ಹೊಟ್ಟೆ ತುಂಬ ಉಂಡೆ.

ಎರಡು ತಿಂಗಳಲ್ಲಿ ಅವನು ಕಬ್ಬಿಣವನ್ನು ತೂಕಕ್ಕೆ ಹಾಕಿದ. ತೇಗದ ಚೌಕಟ್ಟನ್ನು ಆಲೆಮನೆಯವರು ಒಲೆಗೆಂದು ಒಯ್ದರು.

ಸುದ್ದಿ ಭಾವನಿಗೂ ಮುಟ್ಟಿತು. ಒಂದು ದಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟೆ ಬೇಕೆಂದು ಪಾಂಡವಪುರಕ್ಕೆ ಬಂದವರು ನನ್ನ ಶೆಡ್ಡಿನಲ್ಲಿ ಕೂತರು. ಟೀ ತರಿಸಿದೆ. ಕುಡಿದು ಲೋಟ ಕೆಳಗಿಟ್ಟರು.

"ಅವ್ನು ಒಂದ್ ಮಾತು ಕೇಳಿದ್ರೆ ನಾನೇ ಓಗಿ ಜೋಡುಸ್ಕೊಟ್ಟು ಬತ್ತಿದ್ದೆ ಕಣ್ಲಾ" ಅಂದರು. "ಕಾರು ಅವಂದೇ ಇರ್ಲಿ, ಯಾರಿಗಾನ ಮಾರ್ಕೊಳ್ಳಿ. ನಂಗೆ ಅದು ನಿಂತ್ಕೊಳ್ಳೋದು ನೋಡಬೇಕಿತ್ತು, ಅಷ್ಟೇ. ಕೇಳ್ತಾನೆ ಅಂತ ಕಾಯ್ತಾನೇ ಇದ್ದೆ. ಅಣ್ಣ ಅಂತ ಒಂದ್ಸಲನೂ ಕೇಳ್ಳಿಲ್ಲ ನೋಡು ಅವ್ನು."

ಆ ಕ್ಷಣದಲ್ಲಿ ನಾನು ಬಾಯಿ ಬಿಟ್ಟಿದ್ದರೆ ಅಣ್ಣ ತಮ್ಮಂದಿರಾದರೂ ಉಳಿಯುತ್ತಿದ್ದರು. ನಾನು ಟೀ ಲೋಟ ಎತ್ತಿಕೊಂಡು ಒಳಗೆ ಹೋದೆ. ಅವರಿಬ್ಬರೂ ಮತ್ತೆ ಮಾತಾಡಲೇ ಇಲ್ಲ. ಭಾವ ತೀರಿಕೊಂಡಾಗ ತಮ್ಮ ಮಣ್ಣಿಗೆ ಬಂದಿದ್ದ. ದೂರದಲ್ಲಿ ಒಬ್ಬನೇ ನಿಂತಿದ್ದ. ತಮ್ಮ ಕೇಳಲು ಬಂದಿದ್ದ, ನಾನೇ ಬೈದು ಕಳಿಸಿದೆ ಎಂದು ಭಾವನಿಗೆ ಕೊನೆಯವರೆಗೂ ನಾನು ಹೇಳಿರಲಿಲ್ಲ.