ಬಾಗಿಲ ಹಿಂದೆ ನಿಂತು ನೋಡಿದ ಧಾರಾವಾಹಿ

ನನಗೆ ಒಳ್ಳೆಯ ಸಿನಿಮಾ ಸೇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಹಗುರ. ಹಾರುವ ವಿಮಾನಕ್ಕೆ ಕಟ್ಟಿದ ದಾರ ಕಾಣಬೇಕು, ರಾಕ್ಷಸನ ವೇಷದ ಬೆನ್ನಿಗೆ ಹಚ್ಚಿದ ಜಿಪ್ಪು ಕಾಣಬೇಕು, ಬಂಡೆಗಲ್ಲು ನಾಯಕನ ತಲೆಯ ಮೇಲೆ ಬಿದ್ದು ಪುಟಿದು ಅತ್ತ ಹೋಗಬೇಕು. ಅಂಥದ್ದು ಸಿಕ್ಕರೆ ನಾನು ಊಟ ಬಿಟ್ಟು ನೋಡುತ್ತೇನೆ. ಹೊರದೇಶದ್ದು, ನಲವತ್ತು ಐವತ್ತು ವರ್ಷ ಹಳೆಯದು, ನೋಡಿದವರು ನೂರು ಜನವೂ ಇರಲಿಕ್ಕಿಲ್ಲ ಎನ್ನುವಂಥದ್ದು. ಹುಕ್ಕೇರಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಮುಸುರೆ ತೊಳೆದು ಮುಗಿಸಿ, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ಕೂತೆನೆಂದರೆ ಸಂಜೆ ಚಹಾದವರೆಗೆ ಯಾರೂ ಮಾತಾಡಿಸುವ ಹಾಗಿಲ್ಲ.

ನನ್ನ ಗಂಡನಿಗೆ ಇದನ್ನು ಕಂಡರೆ ಆಗುವುದಿಲ್ಲ. "ವಯಸ್ಸಾತು, ಇನ್ನೂ ರಬ್ಬರ್ ಮೊಸಳಿ ನೋಡ್ಕೋತ ಕುಂತೀ. ಏನರ ಬುದ್ಧಿ ಐತೇನ ನಿನಗ?" ಎನ್ನುತ್ತಾರೆ.

"ನೀವು ನೋಡೂ ಸುದ್ದಿ ಚಾನೆಲ್ಲಿಗಿಂತ ನನ್ನ ಮೊಸಳಿ ಚಲೋ ಐತ್ರಿ. ನಡಕ ನಡಕ ಬಾಯಿ ಮುಚ್ಚತೈತಿ" ಎನ್ನುತ್ತೇನೆ ನಾನು.

ಹೋದ ವಾರ ಒಂದು ಯುದ್ಧದ ಸಿನಿಮಾ ನೋಡಿದೆ. ಇಡೀ ಸೈನ್ಯದಲ್ಲಿ ಇದ್ದವರು ಆರೇ ಜನ. ಎಡದಿಂದ ಬಲಕ್ಕೆ ಓಡಿದರು, ಟೋಪಿ ಬದಲಿಸಿ ಬಲದಿಂದ ಎಡಕ್ಕೆ ಓಡಿದರು, ಈಗ ಅವರೇ ವೈರಿಗಳು. ಅದರಲ್ಲಿ ಒಬ್ಬನು ಕುಂಟುತ್ತಿದ್ದ, ಅದಕ್ಕೇ ನನಗೆ ಗುರುತು ಸಿಕ್ಕಿತು. ಈ ಟೋಪಿಯ ಕುಂಟ ಆ ಟೋಪಿಯ ಕುಂಟನನ್ನು, ಎಂದರೆ ತನ್ನನ್ನು ತಾನೇ, ಗುಂಡು ಹೊಡೆದು ಕೊಂದಾಗ ಕೂತಲ್ಲೇ ಚಪ್ಪಾಳೆ ತಟ್ಟಿದೆ. ಪಾಪ, ಅವರ ಹತ್ತಿರ ಏನೂ ಇಲ್ಲ, ಆದರೂ ಕಥೆ ಹೇಳಲೇಬೇಕು ಎಂಬ ಹಟ. ಆ ಹಟ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಒಂದು ಕಾಲಕ್ಕೆ ನಾನೂ ಅದನ್ನೇ ಮಾಡಿದವಳು.

ನನ್ನ ತವರು ಮೂಡಲಗಿ. ಮದುವೆಯಾಗಿ ಬಂದದ್ದು ಬೆಲ್ಲದ ಬಾಗೇವಾಡಿಯ ಹನ್ನೆರಡು ಜನರ ಕೂಡು ಮನೆಗೆ. ಆ ಮನೆಯಲ್ಲಿ ನಾನು ಕಿರಿಯ ಸೊಸೆ. ಹಿರಿಯ ಸೊಸೆ, ಎಂದರೆ ನನ್ನ ಭಾವನ ಹೆಂಡತಿ, ನನಗಿಂತ ಹತ್ತು ವರ್ಷ ಮೊದಲು ಬಂದವಳು. ಬಂದವಳು ಎನ್ನುವುದೂ ತಪ್ಪೇ. ಆಕೆ ನಮ್ಮ ಮಾವನ ತಂಗಿಯ ಮಗಳು, ಆ ಅಂಗಳದಲ್ಲೇ ಆಡಿ ಬೆಳೆದವಳು. ಮಾವನಿಗೆ ಆಕೆ ಸೊಸೆಗಿಂತ ಹೆಚ್ಚು ಸೋದರ ಸೊಸೆ. ಆತನ ಎದುರಿಗೇ ಪಡಸಾಲೆಯ ಗೋಡೆಗೆ ಆತು ಕಾಲು ಚಾಚಿ ಕೂಡುತ್ತಿದ್ದಳು, ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಆಕೆಯನ್ನು ಅಕ್ಕಾರ ಎಂದು ಕರೆಯುತ್ತಿದ್ದೆ, ಆಕೆ ನನ್ನನ್ನು ತಂಗಿ ಎನ್ನುತ್ತಿದ್ದಳು. ಆ ಮನೆಯಲ್ಲಿ ನನಗೆ ಜೀವಕ್ಕೆ ಜೀವ ಎನಿಸಿದ್ದು ಆಕೆ ಒಬ್ಬಳೇ.

ನನ್ನ ಲೆಕ್ಕ ಬೇರೆ. ಹೊರಗಿನಿಂದ ಬಂದ ಕಿರಿಯ ಸೊಸೆ ಮಾವನ ಎದುರಿಗೆ ಬರಬಾರದು, ಭಾವನ ಎದುರಿಗಂತೂ ಬರಲೇಬಾರದು. ಏನಾದರೂ ಕೊಡುವುದಿದ್ದರೆ ಬಾಗಿಲ ಹಿಂದೆ ನಿಂತು ಸೆರಗು ತಲೆಯ ಮೇಲೆ ಎಳೆದುಕೊಂಡು ಬಳೆ ಸಪ್ಪಳ ಮಾಡಬೇಕು. ಅವರಿಬ್ಬರೂ ಸಂಜೆಯಾದರೆ ಪಡಸಾಲೆಯಲ್ಲಿ, ಟಿವಿಯ ಮುಂದೆ. ಕಟ್ಟಿಗೆಯ ಬಾಗಿಲಿದ್ದ ಕಪ್ಪು ಬಿಳುಪು ಟಿವಿ ಅದು.

ಆ ವರ್ಷ ವಾರಕ್ಕೊಮ್ಮೆ ಒಂದು ಹೊರದೇಶದ ಹಳೆಯ ಧಾರಾವಾಹಿ ಬರುತ್ತಿತ್ತು, ಹಿಂದಿ ಮಾತು ಕೂಡಿಸಿದ್ದು. ನೆಲದ ಒಳಗೆ ಓಡುವ ರೈಲೊಂದು ಮೇಲೆ ಬರುವ ದಾರಿ ತಪ್ಪಿ ಒಳಗೊಳಗೇ ತಿರುಗುತ್ತಿರುತ್ತದೆ. ವಾರಕ್ಕೊಂದು ವಿಚಿತ್ರ ನಿಲ್ದಾಣ. ರೈಲಿನಲ್ಲಿ ಒಬ್ಬ ಗಾರ್ಡು, ಒಬ್ಬ ಕಳ್ಳ, ಒಬ್ಬ ಡಾಕ್ಟರು, ತಾಯಿ ಇಲ್ಲದ ಇಬ್ಬರು ಹುಡುಗಿಯರು. ಊರಿನಲ್ಲಿ ಬೇರೆ ಯಾರೂ ಅದನ್ನು ಮನಸ್ಸಿಟ್ಟು ನೋಡಿದ ನೆನಪಿಲ್ಲ. ನಮಗಿಬ್ಬರಿಗೆ ಅದರ ಹುಚ್ಚು ಹಿಡಿಯಿತು.

ಆದರೆ ಅದು ಬರುತ್ತಿದ್ದದ್ದು ಸರಿಯಾಗಿ ರೊಟ್ಟಿ ಬಡಿಯುವ ಹೊತ್ತಿಗೆ. ಹನ್ನೆರಡು ಜನಕ್ಕೆ ಜೋಳದ ರೊಟ್ಟಿ ಎಂದರೆ ಒಬ್ಬರು ಒಲೆಯ ಮುಂದಿನಿಂದ ಏಳುವಂತಿಲ್ಲ. ಅದಕ್ಕೆ ನಾವು ಪಾಳಿ ಮಾಡಿಕೊಂಡೆವು. ಹಂಚಿನ ಮೇಲೆ ಮೊದಲ ರೊಟ್ಟಿ ಹಿರಿಯ ಸೊಸೆಯ ಕೈಯಿಂದಲೇ ಬೀಳಬೇಕು ಎಂದು ಅತ್ತೆಯ ನೇಮ, ಹೀಗಾಗಿ ಮೊದಲ ಅರ್ಧ ನಾನು ನೋಡಬೇಕು, ನಡುವೆ ಜಾಹೀರಾತು ಬಂದ ಕೂಡಲೇ ಓಡಿ ಬಂದು ಒಲೆಯ ಮುಂದೆ ಕೂಡಬೇಕು, ಉಳಿದ ಅರ್ಧ ಅಕ್ಕ ನೋಡಬೇಕು. ಎಲ್ಲರ ಊಟವಾದ ಮೇಲೆ ಮುಸುರೆ ತಿಕ್ಕುವಾಗ ಆಕೆಗೆ ನನ್ನ ಅರ್ಧ ನಾನು ಹೇಳಬೇಕು, ನನಗೆ ಆಕೆಯ ಅರ್ಧ ಆಕೆ.

ಅಕ್ಕ ನಾಲ್ಕನೆಯ ಇಯತ್ತೆ ಕಲಿತವಳು, ಹಿಂದಿ ಒಂದಕ್ಷರ ಬಾರದು. ಕಣ್ಣಿಗೆ ಕಂಡದ್ದನ್ನು ತನ್ನ ತಿಳಿವಳಿಕೆಯ ಮೇಲೆ ಹೇಳುತ್ತಿದ್ದಳು. ಗಾರ್ಡು ಮತ್ತು ಕಳ್ಳ ಅಣ್ಣತಮ್ಮಂದಿರು, ಹೊಲದ ಪಾಲಿನ ಸಲುವಾಗಿ ಜಗಳ ಎಂದು ಕಡೆಯತನಕ ನಂಬಿದ್ದಳು. ನಾನು ಹತ್ತನೆಯತನಕ ಹಿಂದಿ ಓದಿದವಳು, ಮಾತು ತಿಳಿಯುತ್ತಿತ್ತು. ಆದರೆ ನನಗೆ ಏನೂ ಕಾಣುತ್ತಿರಲಿಲ್ಲ.

ಹೌದು, ಏನೂ ಅಂದರೆ ಏನೂ. ನಡುಮನೆಯ ಬಾಗಿಲ ಹಿಂದೆ ನಿಂತರೆ ಕಾಣುವುದು ಟಿವಿಯ ಮಗ್ಗಲು, ಭಾವನ ಬೆನ್ನು, ಗೋಡೆಯ ಮೇಲೆ ಹೊಳೆಯುವ ನೀಲಿ ಬೆಳಕು. ಇಷ್ಟೇ. ಮೊದಲ ವಾರ, ನನ್ನ ಅರ್ಧದಲ್ಲೇ ಬಂದುಹೋದ ಸ್ಟೇಶನ್ ಮಾಸ್ತರನ ಮಾತು ಹೇಳುತ್ತಿದ್ದಾಗ, ಅಕ್ಕ ತಾಟು ತಿಕ್ಕುತ್ತಾ "ಹೆಂಗದಾನ ಆ ಮಾಸ್ತರ, ಮೀಸಿ ಅದಾವೇನ?" ಎಂದು ಕೇಳಿದಾಗ ಕಾಣಲಿಲ್ಲ ಎನ್ನಲು ನನ್ನ ಬಾಯಿ ಏಳಲಿಲ್ಲ. ಹೇಳಿದ್ದರೆ ಅತ್ತೆಯ ಕಿವಿಗೆ ಹೋಗಿ "ಕಾಲಗುಣ ನೋಡ್ರಿ, ನಿನ್ನಿ ಬಂದಾಕಿಗೆ ಟಿವಿ ಬೇಕಂತ" ಎಂದು ಆಗುತ್ತಿತ್ತು. ಇನ್ನೂ ಖರೆ ಹೇಳಬೇಕೆಂದರೆ, ಕಾಣುವುದೇ ಇಲ್ಲವೆಂದ ಮೇಲೆ ನನಗೆ ಪಾಳಿ ಏಕೆ? ಇಡೀ ವಾರದಲ್ಲಿ ಕೈಯಲ್ಲಿ ಕೆಲಸವಿಲ್ಲದೆ ನಾನು ನಿಲ್ಲುತ್ತಿದ್ದದ್ದು ಆ ಹದಿನೈದು ನಿಮಿಷ ಮಾತ್ರ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

"ಅದಾವ್ರಿ, ದಪ್ಪನ ಮೀಸಿ" ಎಂದುಬಿಟ್ಟೆ.

ಅಲ್ಲಿಂದ ಶುರು. ಕಿವಿಗೆ ಬಿದ್ದ ಮಾತಿಗೆ ನಾನೇ ಬಟ್ಟೆ ತೊಡಿಸಿದೆ, ಬಣ್ಣ ಬಳಿದೆ. ಆ ಧಾರಾವಾಹಿಯಲ್ಲಿ ಒಂದು ಹೆಂಗಸಿನ ದನಿ ಬರುತ್ತಿತ್ತು, ವಯಸ್ಸಾದ, ತಣ್ಣಗಿನ ದನಿ. ದಿಕ್ಕು ತೋಚದ ಹುಡುಗಿಯರಿಗೆ ಸಮಾಧಾನ ಹೇಳುವುದು, ಮುಂದಿನ ನಿಲ್ದಾಣದ ಹೆಸರು ಹೇಳುವುದು. ದನಿಯ ಹಿಂದೆ ಕರ್ ಕರ್ ಎಂಬ ಸಪ್ಪಳ. ಇದು ಯಾರೋ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಆಯಿ, ಹುಡುಗಿಯರ ಸಿಕ್ಕುಗಟ್ಟಿದ ತಲೆ ಬಾಚುತ್ತಾ ಮಾತಾಡುತ್ತಿದ್ದಾಳೆ ಎಂದು ನಾನೂ ಖರೇನೇ ತಿಳಿದುಕೊಂಡೆ. ಅಕ್ಕನಿಗೆ ಹೇಳುವಾಗ ಬೆಳ್ಳಗಿನ ಕೂದಲು, ತುಂಬು ತೋಳಿನ ಅಂಗಿ, ಗಲ್ಲದ ಮೇಲೆ ಮಚ್ಚೆ ಎಲ್ಲ ಕೊಟ್ಟೆ. ಹೊರದೇಶದವಳು ಎಂಬ ಒಂದೇ ಕಾರಣಕ್ಕೆ ಹಣೆಗೆ ವಿಭೂತಿ ಹಚ್ಚಲಿಲ್ಲ. ಗಂಡ, ಮಕ್ಕಳು, ಮನೆ ಎಲ್ಲ ಮೇಲೆಯೇ ಉಳಿದುಹೋದವಳು ಎಂದೂ ಸೇರಿಸಿದೆ.

ಅಕ್ಕ ಆಯಿಯನ್ನು ಹಚ್ಚಿಕೊಂಡಳು. ಆದರೆ ತನ್ನ ಅರ್ಧದಲ್ಲಿ ಆಕೆ ಕಾಣುವುದಿಲ್ಲವೆಂದು ಪ್ರತಿ ವಾರ ತಕರಾರು. "ದನಿ ಅಷ್ಟ ಬರತೈತಿ, ಮಾರಿ ಒಂದ ದಿನಾನೂ ತೋರಸ್ವಲ್ರು. ಯಾಕಂತೀನಿ?"

"ಆಕಿ ಗಂಡಸರ ಮುಂದ ಬರಾಂಗಿಲ್ರಿ. ರೈಲಿನ ಒಳಗಿನ ಡಬ್ಬ್ಯಾಗ ಕುಂತ ಮಾತಾಡ್ತಾಳ" ಎಂದೆ.

ಅಕ್ಕ ಒಂದು ಗಳಿಗೆಯೂ ಸಂಶಯಪಡಲಿಲ್ಲ. "ಅಲ್ಲೂ ಹಂಗ ಅಂತೀ?" ಎಂದು ತಾಟು ತೊಳೆದಿಟ್ಟಳು.

ಧಾರಾವಾಹಿ ಒಂದು ವರ್ಷಕ್ಕೆ ನಿಂತಿತು. ಮುಂದೆ ಮನೆ ಪಾಲಾಯಿತು, ನಾವು ಹುಕ್ಕೇರಿಗೆ ಬಂದೆವು. ಅಕ್ಕ ಈಗ ಗೋಕಾಕದಲ್ಲಿ ಮಗಳ ಮನೆಯಲ್ಲಿದ್ದಾಳೆ. ಮೂರು ವರ್ಷದ ಹಿಂದೆ ಭಾವ ತೀರಿಕೊಂಡಾಗ ಆಕೆ ಹಾಸಿಗೆ ಹಿಡಿದಳು. ಊಟವಿಲ್ಲ, ಮಾತಿಲ್ಲ. ತಿಂಗಳಾಗುತ್ತ ಬಂದಾಗ ಒಂದು ಮುಂಜಾನೆ ತಾನೇ ಫೋನು ಮಾಡಿದಳು. "ಇವತ್ತ ಎದ್ದ ಮಮ್ಮಗಳ ತಲಿ ಬಾಚಿದೆ ತಂಗಿ. ಆ ರೈಲಿನ್ಯಾಗಿನ ಆಯಿ ನೆನಪಾದ್ಲು. ಆಕೀದೂ ಎಲ್ಲಾ ಹೋಗಿತ್ತಲ್ಲ, ಆದ್ರೂ ಹುಡಿಗ್ಯಾರ ತಲಿ ಬಾಚೂದ ಬಿಟ್ಟಿರಲಿಲ್ಲ." ನಾನು ಹೂಂ ಎಂದೆ.

ಈ ವರ್ಷ ಬೇಸಿಗೆಯಲ್ಲಿ ಅಕ್ಕನ ಮಗಳು ಫೋನಿನಲ್ಲಿ ಕುಣಿದಾಡಿದಳು. ತನ್ನ ಅವ್ವ ದಿನಾ ಹೇಳುವ ಆ ರೈಲಿನ ಧಾರಾವಾಹಿ ಸಿಕ್ಕಿದೆ, ಯಾರೋ ಹಳೆಯ ಕ್ಯಾಸೆಟ್ಟಿನಿಂದ ತೆಗೆದು ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. "ಅವ್ವ ನಾ ಒಬ್ಬಾಕಿನ ನೋಡಾಂಗಿಲ್ಲ, ತಂಗಿ ಬರಬೇಕು ಅನ್ನಾಕತ್ತಾಳ. ಐತವಾರ ಬರ್ರಿ ಚಿಗವ್ವಾ" ಎಂದು ನನಗೂ ಅದನ್ನು ಕಳಿಸಿದಳು.

ಆ ಮಧ್ಯಾಹ್ನವೇ ಫೋನಿನಲ್ಲಿ ಹಚ್ಚಿ ನೋಡಿದೆ. ಜನ್ಮಕ್ಕೆ ಮೊದಲ ಸಲ ಕಣ್ಣಿನಿಂದ ನೋಡಿದೆ. ಎಲ್ಲ ನಿಲ್ದಾಣವೂ ಒಂದೇ, ಬೋರ್ಡು ಮಾತ್ರ ಬೇರೆ. ಸ್ಟೇಶನ್ ಮಾಸ್ತರನಿಗೆ ಮೀಸೆ ಇಲ್ಲ. ಮತ್ತು ಆಯಿಯೂ ಇಲ್ಲ. ಆ ದನಿ ಟಿಕೀಟು ಕೊಡುವ ಒಂದು ತಗಡಿನ ಯಂತ್ರದ್ದು. ಶುರುವಿನಲ್ಲಿ ಒಮ್ಮೆ ದೊಡ್ಡದಾಗಿ ತೋರಿಸುತ್ತಾರೆ, ಆಮೇಲೆ ಕಣ್ಣಿಗೆ ಬೀಳದ ಹಾಗೆ ಮೂಲೆಯಲ್ಲಿ ನಿಂತಿರುತ್ತದೆ, ಎರಡು ದೀಪ ಮಿಣುಕುತ್ತವೆ, ಕರ್ ಕರ್ ಎಂದು ಟಿಕೀಟು ಹೊರಗೆ ಬರುತ್ತದೆ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಇಂಥದ್ದೇ ನನಗೆ ಸೇರುವುದು. ಅವತ್ತು ಫೋನನ್ನು ಬೋರಲು ಹಾಕಿದೆ. ಆಯಿ ಡಬ್ಬಿ ಎಂದು ತಿಳಿದರೆ ಅಕ್ಕನ ಗತಿಯೇನು? ಮೂವತ್ತೈದು ವರ್ಷ ಸುಳ್ಳು ಹೇಳಿದವಳು ಎಂದು ತಿಳಿದರೆ ನನ್ನ ಗತಿಯೇನು?

ಬರುವುದಿಲ್ಲ, ಮೈಯಲ್ಲಿ ಆರಾಮಿಲ್ಲ ಎಂದು ಹೇಳಬೇಕೆಂದು ಎರಡು ಸಲ ಫೋನು ಎತ್ತಿದೆ. ಆಮೇಲೆ ನನಗೇ ಸಿಟ್ಟು ಬಂತು. ನಾನಿಲ್ಲದೆ ಆಕೆ ಒಬ್ಬಳೇ ಕೂತು ಆ ಡಬ್ಬಿಯನ್ನು ನೋಡುವುದಕ್ಕಿಂತ ನಾನು ಪಕ್ಕದಲ್ಲಿದ್ದು ಬೈಸಿಕೊಳ್ಳುವುದು ಒಳ್ಳೆಯದು. ಐತವಾರ ಮುಂಜಾನೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ತಪ್ಪಾಯಿತು ಎಂಬ ಮಾತನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಾ ಹೋದೆ, ಗೋಕಾಕ ಬಂದರೂ ಜೋಡಣೆಯಾಗಲಿಲ್ಲ.

ಮಗಳು ಟಿವಿಗೆ ಹಚ್ಚಿಕೊಟ್ಟು ಮಾರ್ಕೆಟ್ಟಿಗೆ ಹೋದಳು. ನಾವಿಬ್ಬರೂ ಮಂಚದ ಮೇಲೆ, ಟಿವಿಯ ಎದುರಿಗೆ. ಅಕ್ಕ ಹೊಸ ಸೀರೆ ಉಟ್ಟಿದ್ದಳು. "ಇದ ನಿನ್ನ ಅರ್ಧ ನೋಡ" ಎಂದು ನನ್ನ ತೊಡೆಗೆ ಹೊಡೆದಳು. ರೈಲು ಬಂತು, ಹುಡುಗಿಯರು ಬಂದರು, ದನಿ ಬಂತು. ಯಂತ್ರ ದೊಡ್ಡದಾಗಿ ಕಾಣಿಸಿತು. ಕರ್ ಕರ್.

"ಆಯಿ ಎಲ್ಲೆ?" ಎಂದಳು ಅಕ್ಕ.

"ಅದ ರಿ ಆಯಿ."

"ಯಾವ್ದ?"

"ಆ ತಗಡಿನ ಡಬ್ಬಿ ರಿ."

ಅಕ್ಕ ನನ್ನ ಕಡೆ ತಿರುಗಿದಳು. "ನೀ ನೋಡಿದ್ದಿಯಲ್ಲ. ಬೆಳ್ಳನ್ನ ಕೂದಲಾ ಅಂದಿದ್ದಿ. ಗಲ್ಲದ ಮ್ಯಾಲ ಮಚ್ಚಿ ಅಂದಿದ್ದಿ."

"ನಾ ನೋಡೇ ಇಲ್ರಿ ಅಕ್ಕಾರ" ಎಂದೆ. ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. "ಒಂದ ದಿನಾನೂ ನೋಡಿಲ್ಲ. ನಡುಮನಿ ಬಾಗಲಾ ಹಿಂದ ನಿಂತರ ಏನೂ ಕಾಣ್ತಿರಲಿಲ್ಲ. ಬರೇ ಕೇಳಸ್ತಿತ್ತು. ಉಳದದ್ದ ನಾನ ಹುಟ್ಟಿಸಿ ಹೇಳಿದ್ನಿ."

ಅಕ್ಕ ರಿಮೋಟು ಒತ್ತಿ ನಿಲ್ಲಿಸಿದಳು. ಈಗ ಬೈಯುತ್ತಾಳೆ ಎಂದು ನಾನು ತಲೆ ತಗ್ಗಿಸಿದೆ. ಆಕೆ ಹಾಸಿಗೆಯ ಮೇಲೆ ಬೆರಳಿನಿಂದ ಏನೋ ಗೆರೆ ಎಳೆಯುತ್ತಿದ್ದಳು. ಇಲ್ಲಿ ಪಡಸಾಲೆ, ಇಲ್ಲಿ ಟಿವಿ, ಇಲ್ಲಿ ಬಾಗಿಲು. ಆ ಮನೆಯ ಮೂಲೆ ಮೂಲೆಯೂ ಆಕೆಗೆ ಗೊತ್ತು. ಬೆರಳು ಬಾಗಿಲ ಹತ್ತಿರ ನಿಂತಿತು.

"ಇಲ್ಲಿಂದ ಟಿವಿ ಮಗ್ಗಲಾ ಅಷ್ಟ ಕಾಣತೈತಿ" ಎಂದಳು.

"ಹೂಂ ರಿ. ಮಗ್ಗಲಾ, ಮತ್ತ ಭಾವಾರ ಬೆನ್ನ."

"ಎಷ್ಟ ವರ್ಷ ನಿಂತಿ?"

"ಧಾರಾವಾಹಿ ಒಂದ ವರ್ಷ ರಿ. ಬಾಗಲಾ ಹಿಂದ ಹನ್ನೊಂದ ವರ್ಷ."

ಆಯಿಯ ಮಾತನ್ನು ಆಕೆ ಎತ್ತಲೇ ಇಲ್ಲ. "ಮುಂದೇನಾತು, ಮುಂದೇನಾತು ಅಂತ ವಾರಾ ವಾರಾ ಕೇಳ್ತಿದ್ನಿ" ಎಂದಳು. "ನಿನಗ ಕಾಣಸತೈತೇನ ಅಂತ ಒಂದ ದಿನಾ ಕೇಳಲಿಲ್ಲ. ಮಾವಗ ಒಂದ ಮಾತ ಅಂದಿದ್ರ ಟಿವಿ ಈ ಕಡೆ ಹೊಳ್ಳಸ್ತಿದ್ದ. ಆ ಮನ್ಯಾಗ ನನ್ನ ಮಾತ ನಡೀತಿತ್ತು."

ಆಗ ನನಗೆ ಸಿಟ್ಟು ಬಂತು. ಅಷ್ಟು ವರ್ಷ ಆ ಬಾಗಿಲನ್ನು ಬೈದಿದ್ದೆ, ಅತ್ತೆಯನ್ನು ಬೈದಿದ್ದೆ, ಭಾವನ ಅಗಲವಾದ ಬೆನ್ನನ್ನು ಬೈದಿದ್ದೆ. ಅಕ್ಕನ ಮೇಲೆ ಸಿಟ್ಟಾಗಬಹುದು ಎಂದು ತೋಚಿಯೂ ಇರಲಿಲ್ಲ. ಹೋಗಲಿ ಬಿಡ್ರಿ, ಅದೆಲ್ಲಾ ಆಗಿ ಹೋದ ಮಾತು ಎನ್ನಬೇಕಿತ್ತು, ದೊಡ್ಡವರಿಗೆ ಹಾಗೇ ಅನ್ನಬೇಕು.

"ಹೌದ್ರಿ, ನಡೀತಿತ್ತು" ಎಂದೆ.

ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. ನನಗಿಂತ ಹತ್ತು ವರ್ಷ ದೊಡ್ಡವಳು, ಆ ಮನೆಯ ಹಿರಿಯ ಸೊಸೆ.

"ತಪ್ಪಾತವ್ವಾ ತಂಗಿ" ಎಂದಳು.

ಆ ಮಾತು ಹೇಳಲು ಹುಕ್ಕೇರಿಯಿಂದ ಬಸ್ಸು ಹತ್ತಿ ಬಂದವಳು ನಾನು. ಆ ಮನೆಯವರಲ್ಲಿ ನನಗೆ ಅದನ್ನು ಯಾರೂ ಯಾವತ್ತೂ ಹೇಳಿರಲಿಲ್ಲ. ದನಿ ತೆಗೆದು ಅತ್ತುಬಿಟ್ಟೆ.